ಮೀನಿನ ಅಕ್ಷಿಪಟಲ

ಮೀನಿನ ಅಕ್ಷಿಪಟಲವು ಕಣ್ಣಿನ ಒಳಭಾಗದಲ್ಲಿ ಹಿಂಬದಿಯನ್ನು ಆವರಿಸಿರುವ, ಬೆಳಕನ್ನು ಗ್ರಹಿಸುವ ತೆಳುವಾದ ನರ ಅಂಗಾಂಶ. ಇದು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ, ಅಂಚು, ಬಣ್ಣ ಮತ್ತು ಚಲನೆಯ ಮಾಹಿತಿಯನ್ನು ಬೇರ್ಪಡಿಸಿ, ದೃಷ್ಟಿನರದ ಮೂಲಕ ಮೆದುಳಿಗೆ ರವಾನಿಸುತ್ತದೆ. ಇದರ ಮೂಲ ವಿನ್ಯಾಸ ಎಲ್ಲ ಕಶೇರುಕಗಳಲ್ಲೂ ಒಂದೇ ಬಗೆಯದು. ಆದ್ದರಿಂದ ಗೋಲ್ಡ್‌ಫಿಶ್, ಸಾಮಾನ್ಯ ಗೆಂಡೆ ಮತ್ತು ಜೀಬ್ರಾಮೀನುಗಳ ಮೇಲಿನ ಅಧ್ಯಯನಗಳು ಮಾನವನ ದೃಷ್ಟಿಯನ್ನು ಅರಿಯುವುದಕ್ಕೂ ನೆರವಾಗಿವೆ.

ರಚನೆ

ಅಕ್ಷಿಪಟಲದಲ್ಲಿ ಕೋಶಕಾಯಗಳ ಮೂರು ಸ್ತರಗಳೂ ಅವುಗಳ ನಡುವೆ ನರಸಂಧಿಗಳಿಂದ ಕೂಡಿದ ಎರಡು ಜಾಲಸ್ತರಗಳೂ ಇವೆ. ಹೊರಸ್ತರದಲ್ಲಿ ದ್ಯುತಿಗ್ರಾಹಿ ಕೋಶಗಳು, ನಡುಸ್ತರದಲ್ಲಿ ಸಮತಲ, ದ್ವಿಧ್ರುವ ಮತ್ತು ಅಮಾಕ್ರಿನ್ ಕೋಶಗಳು, ಒಳಸ್ತರದಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ಇರುತ್ತವೆ. ಮ್ಯೂಲರ್ ಕೋಶಗಳೆಂಬ ಆಧಾರಕೋಶಗಳು ಈ ಸ್ತರಗಳನ್ನೆಲ್ಲ ಹಾದುಹೋಗುತ್ತವೆ. ದ್ಯುತಿಗ್ರಾಹಿಗಳು ಮಸೂರದಿಂದ ದೂರದ ಬದಿಯಲ್ಲಿರುವುದರಿಂದ ಬೆಳಕು ಉಳಿದ ಸ್ತರಗಳನ್ನು ದಾಟಿ ಅವುಗಳನ್ನು ತಲುಪುತ್ತದೆ.

ದ್ಯುತಿಗ್ರಾಹಿ ಕೋಶಗಳು

ದಂಡಕೋಶಗಳು ಮಂದ ಬೆಳಕಿನಲ್ಲಿಯೂ ಶಂಕುಕೋಶಗಳು ಹಗಲಿನ ಬೆಳಕಿನಲ್ಲಿಯೂ ಕಾರ್ಯನಿರ್ವಹಿಸುತ್ತವೆ. ಮಾನವನಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ ಜೀಬ್ರಾಮೀನಿನಲ್ಲಿ ಕೆಂಪು, ಹಸಿರು, ನೀಲಿ ಮತ್ತು ನೇರಳಾತೀತ ಕಿರಣಗಳಿಗೆ ಸ್ಪಂದಿಸುವ ನಾಲ್ಕು ಬಗೆಗಳಿವೆ. ಜೀಬ್ರಾಮೀನಿನ ಮರಿಗಳಲ್ಲಿ ಅಕ್ಷಿಪಟಲದ ಒಂದು ನಿರ್ದಿಷ್ಟ ಭಾಗದಲ್ಲಿ ನೇರಳಾತೀತ ಶಂಕುಕೋಶಗಳು ದಟ್ಟವಾಗಿದ್ದು, ನೀರಿನಲ್ಲಿ ಈಜುವ ಪ್ಯಾರಮೀಸಿಯಮ್‌ನಂತಹ ಸೂಕ್ಷ್ಮಜೀವಿಗಳನ್ನು ಗುರುತಿಸಿ ಹಿಡಿಯಲು ಅವು ಸಹಾಯಕವಾಗಿವೆ.

ವಾಸಸ್ಥಾನಕ್ಕೆ ತಕ್ಕಂತೆ ಈ ಕೋಶಗಳು ಬದಲಾಗುತ್ತವೆ. ಅನೇಕ ಸಿಹಿನೀರಿನ ಮೀನುಗಳ ದೃಷ್ಟಿವರ್ಣಕಗಳು ಎ2 ಜೀವಸತ್ವದಿಂದ ರೂಪುಗೊಂಡಿದ್ದು, ಕೆಂಪಿನ ಕಡೆಗಿನ ಬೆಳಕನ್ನು ಹೆಚ್ಚಾಗಿ ಹೀರುತ್ತವೆ. ಆಳಸಮುದ್ರದ ಬಹುತೇಕ ಮೀನುಗಳಲ್ಲಿ ದಂಡಕೋಶಗಳೇ ಪ್ರಧಾನವಾಗಿದ್ದು, ಆ ಆಳಕ್ಕೆ ಇಳಿಯಬಲ್ಲ ನೀಲಿ ಬೆಳಕಿಗೆ ಅವು ಹೊಂದಿಕೊಂಡಿವೆ.

ಬಹುತೇಕ ಮೂಳೆಮೀನುಗಳ ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಹೆಚ್ಚೇನೂ ಕುಗ್ಗುವುದಿಲ್ಲ. ಅದರ ಬದಲಿಗೆ ದ್ಯುತಿಗ್ರಾಹಿಗಳೇ ಸ್ಥಳಾಂತರಗೊಳ್ಳುತ್ತವೆ. ಹಗಲಿನಲ್ಲಿ ಶಂಕುಕೋಶಗಳು ಕುಗ್ಗಿ ಬೆಳಕಿನತ್ತ ಬರುತ್ತವೆ. ದಂಡಕೋಶಗಳು ನೀಳವಾಗಿ ವರ್ಣಕದ ಪದರದೊಳಗೆ ಮರೆಯಾಗುತ್ತವೆ. ಕತ್ತಲಾದಾಗ ಇದರ ವಿರುದ್ಧ ಕ್ರಿಯೆ ನಡೆಯುತ್ತದೆ.

ಸಂಕೇತಗಳ ಸಂಸ್ಕರಣೆ

ಕತ್ತಲಿನಲ್ಲಿ ದ್ಯುತಿಗ್ರಾಹಿಗಳು ಗ್ಲುಟಮೇಟ್ ಎಂಬ ನರಪ್ರೇಷಕವನ್ನು ಸತತವಾಗಿ ಸ್ರವಿಸುತ್ತವೆ. ಬೆಳಕು ಬಿದ್ದಾಗ ಕೋಶದ ಒಳಗಿನ ವಿದ್ಯುತ್ ವಿಭವ ಮತ್ತಷ್ಟು ಋಣಾತ್ಮಕವಾಗಿ, ಸ್ರಾವ ಕಡಿಮೆಯಾಗುತ್ತದೆ. ಅಂದರೆ ಬೆಳಕಿನ ಸುದ್ದಿ ಸ್ರಾವದ ಇಳಿಕೆಯ ರೂಪದಲ್ಲಿ ಮುಂದೆ ಸಾಗುತ್ತದೆ.

ಸಮತಲ ಕೋಶಗಳು ಅನೇಕ ದ್ಯುತಿಗ್ರಾಹಿಗಳಿಂದ ಸಂಕೇತ ಪಡೆದು, ಶಂಕುಕೋಶಗಳಿಗೆ ಮರುಸಂಕೇತ ನೀಡಿ ಅವುಗಳ ಸ್ರಾವವನ್ನು ನಿಯಂತ್ರಿಸುತ್ತವೆ. ಇದರಿಂದ ಸುತ್ತಲಿನ ಸರಾಸರಿ ಬೆಳಕಿನ ಪ್ರಭಾವ ಕಳೆದು, ವಸ್ತುವಿನ ಅಂಚುಗಳು ಎದ್ದು ಕಾಣುತ್ತವೆ. ಈ ಕೋಶಗಳು ವಿದ್ಯುತ್ ಸಂಧಿಗಳ ಮೂಲಕ ಒಂದಕ್ಕೊಂದು ಬೆಸೆದುಕೊಂಡಿವೆ. ಡೋಪಮಿನ್ ಈ ಬೆಸುಗೆಯನ್ನು ಸಡಿಲಿಸಿ, ಪ್ರತಿ ಕೋಶ ಸ್ಪಂದಿಸುವ ಕ್ಷೇತ್ರವನ್ನು ಕಿರಿದುಗೊಳಿಸುತ್ತದೆ.

ದ್ವಿಧ್ರುವ ಕೋಶಗಳಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ. ಒಂದು ಗುಂಪು ಬೆಳಕು ಹೆಚ್ಚಿದಾಗ, ಇನ್ನೊಂದು ಕಡಿಮೆಯಾದಾಗ ಉದ್ರೇಕಗೊಳ್ಳುತ್ತದೆ. ಗೋಲ್ಡ್‌ಫಿಶ್‌ನ ಒಂದು ಬಗೆಯ ದ್ವಿಧ್ರುವ ಕೋಶದ ತುದಿ ಸುಮಾರು 10 ಮೈಕ್ರೊಮೀಟರ್ ವ್ಯಾಸದಷ್ಟು ದೊಡ್ಡದಾಗಿರುವುದರಿಂದ, ನರಪ್ರೇಷಕದ ಬಿಡುಗಡೆಯನ್ನು ನೇರವಾಗಿ ಅಳೆಯುವ ಪ್ರಯೋಗಗಳಿಗೆ ಅದು ಪ್ರಸಿದ್ಧವಾಗಿದೆ. ಅಮಾಕ್ರಿನ್ ಕೋಶಗಳು ಒಳ ಜಾಲಸ್ತರದಲ್ಲಿ ಸಂಕೇತಗಳ ಕಾಲ ಮತ್ತು ದಿಕ್ಕಿನ ವ್ಯತ್ಯಾಸಗಳನ್ನು ರೂಪಿಸುತ್ತವೆ.

ಮೆದುಳಿಗೆ ರವಾನೆ

ಈವರೆಗಿನ ಬಹುತೇಕ ಸಂಕೇತಗಳು ಏರಿಳಿಯುವ ವಿಭವಗಳು. ಗ್ಯಾಂಗ್ಲಿಯಾನ್ ಕೋಶಗಳು ಅವನ್ನು ನರಸ್ಪಂದನಗಳ ಸರಣಿಯಾಗಿ ಪರಿವರ್ತಿಸುತ್ತವೆ. ಇವುಗಳಲ್ಲಿ ಕೆಲವು ನಿರ್ದಿಷ್ಟ ದಿಕ್ಕಿನ ಚಲನೆಗೆ, ಕೆಲವು ಬಣ್ಣಗಳ ವೈದೃಶ್ಯಕ್ಕೆ ಸ್ಪಂದಿಸುತ್ತವೆ. ಇವುಗಳ ತಂತುಗಳೇ ಸೇರಿ ದೃಷ್ಟಿನರವಾಗುತ್ತವೆ. ಬಹುತೇಕ ಮೂಳೆಮೀನುಗಳಲ್ಲಿ ಈ ನರಗಳು ಪೂರ್ಣವಾಗಿ ಅಡ್ಡಹಾಯ್ದು, ಎಡಗಣ್ಣಿನ ಮಾಹಿತಿ ಮೆದುಳಿನ ಬಲಭಾಗವನ್ನೂ ಬಲಗಣ್ಣಿನದು ಎಡಭಾಗವನ್ನೂ ಸೇರುತ್ತದೆ. ಅಲ್ಲಿ ದೃಷ್ಟಿಪಾಲಿಯು ಮಾಹಿತಿಯನ್ನು ಸ್ವೀಕರಿಸುವ ಪ್ರಮುಖ ಕೇಂದ್ರ.

ಸಂಶೋಧನೆಯ ಇತಿಹಾಸ

1953ರಲ್ಲಿ ಗುನ್ನಾರ್ ಸ್ವೆಟಿಚಿನ್ ಮೀನಿನ ಅಕ್ಷಿಪಟಲದಿಂದ ವಿದ್ಯುತ್ ಪ್ರತಿಕ್ರಿಯೆಗಳನ್ನು ದಾಖಲಿಸಿ, ಅವು ಶಂಕುಕೋಶಗಳದೆಂದು ಭಾವಿಸಿದರು. ಅವು ಸಮತಲ ಕೋಶಗಳದೆಂದು ಮುಂದೆ ದೃಢಪಟ್ಟಿತು. ಆದರೂ ಒಂದು ಬಣ್ಣಕ್ಕೆ ಧನಾತ್ಮಕವಾಗಿ, ಇನ್ನೊಂದಕ್ಕೆ ಋಣಾತ್ಮಕವಾಗಿ ಬದಲಾಗುವ ಈ ಪ್ರತಿಕ್ರಿಯೆಗಳು, ಎವಾಲ್ಡ್ ಹೆರಿಂಗ್ 19ನೆಯ ಶತಮಾನದಲ್ಲಿ ಮಂಡಿಸಿದ್ದ ಎದುರುಬಣ್ಣಗಳ ಸಿದ್ಧಾಂತಕ್ಕೆ ಶಾರೀರಿಕ ಆಧಾರ ಒದಗಿಸಿದವು. 1960ರ ದಶಕದಲ್ಲಿ ಜಪಾನಿನ ತ್ಸುನೆಒ ತೊಮಿತ ಮತ್ತು ಸಂಗಡಿಗರು ಗೆಂಡೆಮೀನಿನ ಒಂಟಿ ಶಂಕುಕೋಶಗಳ ಪ್ರತಿಕ್ರಿಯೆಯನ್ನೇ ದಾಖಲಿಸಿ, ಅವುಗಳಲ್ಲಿ ಮೂರು ಬಗೆಗಳಿರುವುದನ್ನು ತೋರಿಸಿದರು. ಹೀಗೆ ಪರಸ್ಪರ ವಿರುದ್ಧವೆನಿಸಿದ್ದ ತ್ರಿವರ್ಣ ಸಿದ್ಧಾಂತ ಮತ್ತು ಎದುರುಬಣ್ಣಗಳ ಸಿದ್ಧಾಂತಗಳೆರಡೂ ಅಕ್ಷಿಪಟಲದ ಬೇರೆಬೇರೆ ಹಂತಗಳಲ್ಲಿ ಸತ್ಯವೆಂದು ತಿಳಿಯಿತು.

ಬೆಳವಣಿಗೆ ಮತ್ತು ಪುನರುತ್ಪತ್ತಿ

ಮೀನು ಬೆಳೆದಂತೆ ಅದರ ಅಕ್ಷಿಪಟಲವೂ ಬೆಳೆಯುತ್ತದೆ. ಅಂಚಿನ ವಲಯದಲ್ಲಿ ಹೊಸ ನರಕೋಶಗಳು ಹುಟ್ಟುತ್ತಲೇ ಇರುತ್ತವೆ. ಜೀಬ್ರಾಮೀನಿನ ಅಕ್ಷಿಪಟಲಕ್ಕೆ ಹಾನಿಯಾದರೆ ಮ್ಯೂಲರ್ ಕೋಶಗಳು ವಿಭಜನೆಗೊಂಡು, ನಾಶವಾದ ನರಕೋಶಗಳನ್ನು ಮತ್ತೆ ಉತ್ಪಾದಿಸುತ್ತವೆ. ಮಾನವನ ಕಣ್ಣಿನಲ್ಲಿಯೂ ಮ್ಯೂಲರ್ ಕೋಶಗಳಿವೆ. ಆದರೆ ಅವು ಹೀಗೆ ವರ್ತಿಸದ ಕಾರಣ ಅಕ್ಷಿಪಟಲದಲ್ಲಿ ಒಮ್ಮೆ ನಶಿಸಿದ ನರಕೋಶಗಳು ಮರಳುವುದಿಲ್ಲ. ಈ ವ್ಯತ್ಯಾಸದ ಕಾರಣವನ್ನು ಅರಿತು ಅಂಧತ್ವಕ್ಕೆ ಚಿಕಿತ್ಸೆ ರೂಪಿಸುವುದು ಈ ಕ್ಷೇತ್ರದ ಸಂಶೋಧನೆಯ ಮುಖ್ಯ ಗುರಿಗಳಲ್ಲಿ ಒಂದು.