ತೈಲಬಾವಿಯ ಆಳದ ಕಾವಲುಗಾರ: ಸುರಕ್ಷತಾ ಕವಾಟ

ನೆಲದಡಿಯ ತೈಲ ಮತ್ತು ನೈಸರ್ಗಿಕ ಅನಿಲ ಭಾರೀ ಒತ್ತಡದಲ್ಲಿರುತ್ತವೆ. ಬಾವಿ ಕೊರೆದು ದಾರಿ ಮಾಡಿಕೊಟ್ಟರೆ ಅನೇಕ ಕಡೆ ಅವು ತಮ್ಮ ಬಲದಿಂದಲೇ ಮೇಲೇರುತ್ತವೆ. ಈ ಹರಿವನ್ನು ದಿನನಿತ್ಯ ಹಿಡಿತದಲ್ಲಿಡುವುದು ಬಾವಿಯ ಬಾಯಿಗೆ ಕೂರಿಸಿದ ಕವಾಟಗಳ ಗುಚ್ಛ. ಕೊಂಬೆ ಚಾಚಿದಂತಹ ಆಕಾರದಿಂದಾಗಿ ಅದಕ್ಕೆ ‘ಕ್ರಿಸ್‌ಮಸ್ ಟ್ರೀ’ ಎಂಬ ಹೆಸರು ಬಂದಿದೆ. ಬೆಂಕಿ, ಸ್ಫೋಟ ಅಥವಾ ಹಡಗಿನ ಡಿಕ್ಕಿಯಿಂದ ಈ ಗುಚ್ಛವೇ ಕಿತ್ತುಹೋದರೆ ಬಾವಿಯನ್ನು ಮುಚ್ಚುವ ಹೊಣೆ ಒಳಬಾವಿ ಸುರಕ್ಷತಾ ಕವಾಟದ್ದು. ಕಡಲ ಬಾವಿಗಳಲ್ಲಿ ಇದರ ಬಳಕೆ ಹೆಚ್ಚು. ಅಮೆರಿಕದ ನಿಯಮದಂತೆ ಕಡಲ ಬಾವಿಯಲ್ಲಿ ಇದು ಸಮುದ್ರತಳದಿಂದ ಕನಿಷ್ಠ 100 ಅಡಿ, ಅಂದರೆ ಸುಮಾರು 30 ಮೀಟರ್ ಕೆಳಗಿರಬೇಕು. ಮೇಲಿನ ವೇದಿಕೆ ನಾಶವಾದರೂ ಕವಾಟಕ್ಕೆ ಧಕ್ಕೆಯಾಗಬಾರದೆಂಬುದು ಇದರ ಉದ್ದೇಶ.

ಕೆಲಸ ಮಾಡುವ ಬಗೆ

ಒಂದು ಅಂಚಿಗೆ ಕೀಲು ಜೋಡಿಸಿದ ಉಕ್ಕಿನ ದುಂಡು ಮುಚ್ಚಳವೇ ಇದರ ಮುಖ್ಯ ಭಾಗ. ತೈಲ ಮೇಲೇರುವ ಕೊಳವೆಯ ಹೊರಮೈಗೆ ತಾಗಿಕೊಂಡು, ಸಾಮಾನ್ಯವಾಗಿ ಕಾಲು ಇಂಚು ವ್ಯಾಸದ ಲೋಹದ ನಳಿಕೆಯೊಂದು ಮೇಲಿನಿಂದ ಕವಾಟದವರೆಗೆ ಇಳಿದಿರುತ್ತದೆ. ನಳಿಕೆಯಲ್ಲಿ ತುಂಬಿದ ದ್ರವಕ್ಕೆ ಮೇಲಿನಿಂದ ಒತ್ತಡ ಕೊಟ್ಟಾಗ ಕವಾಟದ ಪಿಸ್ಟನ್ ಕೆಳಗೆ ಸರಿಯುತ್ತದೆ. ಅದರೊಡನೆ ಇಳಿಯುವ ಒಳಕೊಳವೆ ಬಲವಾದ ಸ್ಪ್ರಿಂಗ್ ಒಂದನ್ನು ಅದುಮಿ, ಮುಚ್ಚಳವನ್ನು ಪಕ್ಕಕ್ಕೆ ತಳ್ಳಿ ಹಿಡಿಯುತ್ತದೆ. ಆಗ ಹರಿವಿನ ದಾರಿ ತೆರೆಯುತ್ತದೆ.

ನಳಿಕೆ ತುಂಡಾದರೆ, ಪಂಪು ನಿಂತರೆ ಅಥವಾ ಸಿಬ್ಬಂದಿ ತುರ್ತು ಗುಂಡಿ ಒತ್ತಿದರೆ ಈ ಒತ್ತಡ ಇಲ್ಲವಾಗುತ್ತದೆ. ಸ್ಪ್ರಿಂಗ್ ಹಿಂದಕ್ಕೆ ಚಿಮ್ಮಿ ಮುಚ್ಚಳ ಬೀಳುತ್ತದೆ. ಬಾವಿಯ ಒತ್ತಡವೇ ಅದನ್ನು ಕೆಳಗಿನಿಂದ ಬಿಗಿಯಾಗಿ ಒತ್ತಿಹಿಡಿಯುತ್ತದೆ. ತೆರೆದಿಡಲು ಸತತ ಪ್ರಯತ್ನ ಬೇಕು, ಮುಚ್ಚಲು ಏನೂ ಬೇಡ ಎಂಬುದೇ ಈ ವಿನ್ಯಾಸದ ಮೂಲತತ್ವ.

ಹಿಂದಿನ ಕವಾಟಗಳು ಹೀಗಿರಲಿಲ್ಲ. ಹರಿವಿನ ವೇಗ ನಿಗದಿತ ಮಿತಿ ಮೀರಿದಾಗ ಅವು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಆದರೆ ವರ್ಷಗಳು ಕಳೆದಂತೆ ಬಾವಿಯ ಒತ್ತಡ ಕುಗ್ಗುತ್ತದೆ. ಆಗ ಅಪಘಾತವಾದರೂ ಹರಿವು ಆ ಮಿತಿ ಮುಟ್ಟದೆ ಕವಾಟ ತೆರೆದೇ ಉಳಿಯುವ ಅಪಾಯವಿತ್ತು. ಮೇಲಿನಿಂದ ನಿಯಂತ್ರಿಸುವ ಕವಾಟ ಬಳಕೆಗೆ ಬರಲು ಇದೂ ಒಂದು ಕಾರಣ.

ಆಳ ಹೆಚ್ಚಿದಷ್ಟೂ ಸ್ಪ್ರಿಂಗ್‌ನ ಕೆಲಸ ಕಠಿಣವಾಗುತ್ತದೆ. ಮೇಲಿನ ಪಂಪು ನಿಂತರೂ ನಳಿಕೆಯಲ್ಲಿ ನಿಂತ ದ್ರವದ ಭಾರ ಪಿಸ್ಟನ್ ಮೇಲೆ ಇದ್ದೇ ಇರುತ್ತದೆ. ಸ್ಪ್ರಿಂಗ್ ಆ ಭಾರವನ್ನೂ ಎತ್ತಬಲ್ಲಷ್ಟು ಬಲವಾಗಿರಬೇಕು. ಹೆಚ್ಚು ಆಳದ ಬಾವಿಗಳಲ್ಲಿ ಆ ಭಾರವನ್ನು ಸರಿದೂಗಿಸಲು ಎರಡನೆಯ ನಳಿಕೆಯನ್ನೋ ನೈಟ್ರೋಜನ್ ತುಂಬಿದ ಕೋಣೆಯನ್ನೋ ಬಳಸುತ್ತಾರೆ.

ಎರಡು ಬಗೆ

ಕೊಳವೆಯ ಭಾಗವಾಗಿಯೇ ಇಳಿಯುವ ಕವಾಟ ಒಂದು ಬಗೆ. ಇದರ ಒಳದಾರಿ ಅಗಲವಾಗಿರುತ್ತದೆ, ಆದರೆ ಕೆಟ್ಟರೆ ಇಡೀ ಕೊಳವೆಯನ್ನೇ ಮೇಲೆತ್ತಬೇಕಾಗಬಹುದು. ಇನ್ನೊಂದನ್ನು ತೆಳು ಉಕ್ಕಿನ ತಂತಿಗೆ ಕಟ್ಟಿ ಕೊಳವೆಯೊಳಗೆ ಇಳಿಸಿ, ನಿಗದಿತ ಸ್ಥಾನದಲ್ಲಿ ಕೂರಿಸಿ ಬೀಗ ಬಿಗಿಯಲಾಗುತ್ತದೆ. ಇದನ್ನು ಬದಲಿಸುವುದು ಸುಲಭ. ಆದರೆ ಬೀಗ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಿನಿಂದ ನೋಡಲಾಗದು. ತಂತಿಯ ಎಳೆತ ಮತ್ತು ಒತ್ತಡದ ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ಬ್ರಾವೊ ಕಲಿಸಿದ ಪಾಠ

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಾರ್ವೆಯ ಎಕೊಫಿಸ್ಕ್ ತೈಲಕ್ಷೇತ್ರದ ಬ್ರಾವೊ ವೇದಿಕೆ ಸಾಕ್ಷಿ. 1977ರ ಏಪ್ರಿಲ್ 22ರಂದು ಅಲ್ಲಿನ ಬಿ-14 ಬಾವಿಯ ದುರಸ್ತಿ ನಡೆದಿತ್ತು. ಕೊಳವೆ ಹೊರತೆಗೆಯಲು ‘ಕ್ರಿಸ್‌ಮಸ್ ಟ್ರೀ’ಯನ್ನು ಕಳಚಲಾಗಿತ್ತು. ಅದರ ಜಾಗಕ್ಕೆ ಬರಬೇಕಿದ್ದ ತಡೆಯಂತ್ರವನ್ನು ಇನ್ನೂ ಕೂರಿಸಿರಲಿಲ್ಲ. ಆ ಹೊತ್ತಿನಲ್ಲಿ ಬಾವಿ ಉಕ್ಕಿತು. ತಪ್ಪಾಗಿ ಅಳವಡಿಸಿದ್ದ ಒಳಬಾವಿ ಕವಾಟ ವಿಫಲವಾಯಿತು. ವೇದಿಕೆಯಲ್ಲಿದ್ದ 112 ಮಂದಿಯೂ ಜೀವ ಉಳಿಸಿಕೊಂಡರು. ಆದರೆ ಏಪ್ರಿಲ್ 30ರಂದು ಬಾವಿಯ ಬಾಯಿ ಮುಚ್ಚುವವರೆಗೆ ತೈಲ ಉತ್ತರ ಸಮುದ್ರಕ್ಕೆ ಸುರಿಯುತ್ತಲೇ ಇತ್ತು. ಯಂತ್ರದ ವೈಫಲ್ಯಕ್ಕೆ ಮಾನವ ದೋಷವೇ ಮುಖ್ಯ ಕಾರಣವೆಂದು ತನಿಖೆ ಹೇಳಿತು.

ಬಾವಿಯ ಒಂದು ತಡೆಯನ್ನು ತೆಗೆದು ಇನ್ನೊಂದನ್ನು ಕೂರಿಸುವ ನಡುವಿನ ಅವಧಿ ಎಲ್ಲೆಡೆಯೂ ಸೂಕ್ಷ್ಮವಾದುದು. ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರ ಮೇ 27ರಂದು ಅನಿಲ ಉಕ್ಕಿದ್ದೂ ದುರಸ್ತಿಯ ಸಮಯದಲ್ಲಿಯೇ. ಅದು ನೆಲದ ಮೇಲಿನ ಬಾವಿ. ಜೂನ್ 9ರಂದು ಬೆಂಕಿ ಹೊತ್ತಿಕೊಂಡಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸಾವಿಗೀಡಾದರು. ಬಾವಿ ಸಂಪೂರ್ಣ ಹತೋಟಿಗೆ ಬಂದದ್ದು ನವೆಂಬರ್ 15ರಂದು.

ಪರೀಕ್ಷೆ ಮತ್ತು ಮಿತಿ

ತಿಂಗಳುಗಟ್ಟಲೆ ತೆರೆದೇ ಇರುವ ಕವಾಟಕ್ಕೆ ಮೇಣ, ಲವಣ, ಮರಳು ಅಂಟಿಕೊಂಡು ಅದು ಕಚ್ಚಿಕೊಳ್ಳಬಹುದು. ಆದ್ದರಿಂದ ಅದನ್ನು ಆಗಾಗ ಬೇಕೆಂದೇ ಮುಚ್ಚಿ ನೋಡಬೇಕು. ಅಮೆರಿಕದ ಕಡಲ ಬಾವಿಗಳಲ್ಲಿ ಈ ಪರೀಕ್ಷೆ ಆರು ತಿಂಗಳಿಗೊಮ್ಮೆ ಕಡ್ಡಾಯ. ಮುಚ್ಚಿದ ಕವಾಟದಿಂದ ನಿಮಿಷಕ್ಕೆ 400 ಮಿಲಿಲೀಟರ್‌ಗಿಂತ ಹೆಚ್ಚು ದ್ರವ ಅಥವಾ 15 ಘನ ಅಡಿಗಿಂತ ಹೆಚ್ಚು ಅನಿಲ ಸೋರಿದರೆ ಅದನ್ನು ತೆಗೆದು ದುರಸ್ತಿ ಮಾಡಬೇಕು ಅಥವಾ ಬದಲಿಸಬೇಕು.

ಈ ಕವಾಟ ಎಲ್ಲ ಅನಾಹುತಕ್ಕೂ ಮದ್ದಲ್ಲ. ಇದನ್ನು ಅಳವಡಿಸುವುದು ಬಾವಿ ಉತ್ಪಾದನೆಗೆ ಸಜ್ಜಾದಾಗ. ಕೊರೆಯುವ ಹಂತದಲ್ಲಿ ಕೆಸರಿನ ಭಾರ ಮತ್ತು ಬಾವಿಬಾಯಿಯ ತಡೆಯಂತ್ರವನ್ನೇ ನೆಚ್ಚಬೇಕು. ಕೊಳವೆಮಾರ್ಗಗಳ ಮೇಲೆಯೂ ಇದಕ್ಕೆ ಹಿಡಿತವಿಲ್ಲ. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಕಡಲಲ್ಲಿ 167 ಮಂದಿಯನ್ನು ಬಲಿ ಪಡೆದ ಪೈಪರ್ ಆಲ್ಫಾ ವೇದಿಕೆಯ ಬೆಂಕಿ ಉಗ್ರವಾದದ್ದು ಅಲ್ಲಿಗೆ ಬೆಸೆದಿದ್ದ ಅನಿಲದ ಕೊಳವೆಮಾರ್ಗಗಳು ಒಡೆದಾಗ. ಬಾವಿಗೊಂದು, ಮಾರ್ಗಕ್ಕೊಂದು ಎಂದು ಪ್ರತ್ಯೇಕ ಕವಾಟಗಳಿದ್ದು, ಪ್ರತಿಯೊಂದೂ ಕಾಲಕಾಲಕ್ಕೆ ಪರೀಕ್ಷೆಗೆ ಒಳಪಟ್ಟಾಗ ಮಾತ್ರ ವೇದಿಕೆಯಲ್ಲಿ ದುಡಿಯುವವರಿಗೆ ರಕ್ಷಣೆ ದೊರೆಯುತ್ತದೆ.