ಕಡಲಿಗಿಳಿಯುವ ದಾರಿ

ಕಡಲು ಯಾರದೆಂದು ಕೇಳಿದರೆ ಜನ ನಕ್ಕಾರು. ಕಡಲಿಗಿಳಿಯುವ ದಾರಿ ಯಾರದೆಂದು ಕೇಳಿದರೆ ಕರಾವಳಿಯ ಕೆಲವು ಊರುಗಳಲ್ಲಿ ಈಗ ಜಗಳವೇ ಆದೀತು.

ಪ್ರಶ್ನೆ ಹಳೆಯದು. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ನ್ಯಾಯಗ್ರಂಥವು ಗಾಳಿ, ಹರಿಯುವ ನೀರು, ಸಮುದ್ರಗಳ ಸಾಲಿಗೆ ಸಮುದ್ರತೀರವನ್ನೂ ಸೇರಿಸಿ, ಇವು ಸರ್ವರಿಗೂ ಸಾಮಾನ್ಯವೆಂದು ಸಾರಿತು. ತೀರದಲ್ಲಿ ಗುಡಿಸಲು ಹಾಕಬಹುದು, ಬಲೆ ಒಣಗಿಸಬಹುದು ಎಂಬ ಮಾತೂ ಅಲ್ಲಿದೆ. 1996ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಬಿಯಾಸ್ ನದೀತಟದ ಹೋಟೆಲೊಂದರ ಮೊಕದ್ದಮೆಯಲ್ಲಿ, ಈ ರೋಮನ್ ತತ್ತ್ವವನ್ನೇ ನೆನೆದು, ಇಂಥ ಸಂಪತ್ತಿಗೆ ಸರ್ಕಾರವು ಪ್ರಜೆಗಳ ಪರವಾದ ಧರ್ಮದರ್ಶಿ ಮಾತ್ರವೆಂದಿತು.

ನಮ್ಮ ಕರಾವಳಿಯಲ್ಲಿ ಇದನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ರಂಪಣಿಯನ್ನು ನೆನೆದುಕೊಳ್ಳಿ. ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟ ಆ ಮಹಾಬಲೆಯ ಎರಡು ತುದಿಗಳನ್ನೂ ದಡದಲ್ಲಿ ನಿಂತ ಹತ್ತಾರು ಮಂದಿ ಎಳೆಯಬೇಕು. ಮರಳೇ ಅವರ ಅಂಗಳ. ಪಾಲು ಹಂಚುವುದೂ ಅಲ್ಲೇ, ಮೀನು ಒಣಗಿಸುವುದೂ ಅಲ್ಲೇ. 1970ರ ದಶಕದ ಕೊನೆಗೆ ಯಂತ್ರದೋಣಿಗಳ ಪರ್ಸೀನ್ ಬಲೆ ಬಂತು, ರಂಪಣಿ ಹಿಂದೆ ಸರಿಯಿತು. ನಿತ್ಯದ ಬಳಕೆಯೇ ಹಕ್ಕುಪತ್ರವಾಗಿದ್ದ ಕಡೆ ಬಳಕೆ ತಗ್ಗಿದರೆ ಸಾಕ್ಷಿ ಹೇಳುವವರೂ ತಗ್ಗುತ್ತಾರೆ.

ಕಾರವಾರದ ಕಥೆ ಬೇರೆ. 1883ರಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಕಂಡು ಮೆಚ್ಚಿದ ತೀರ ಇಂದಿಗೂ ಊರವರದೇ. ಅದರ ದಕ್ಷಿಣಕ್ಕೆ, 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಹಳ್ಳಿಗಳೇ ಎದ್ದುಹೋದವು. ದೇಶರಕ್ಷಣೆಯ ಕಾರಣವನ್ನು ನಾನು ಅಲ್ಲಗಳೆಯಲಾರೆ. ವಿಹಾರಗೃಹದ ಬೇಲಿಗೆ ಅಂಥ ಕಾರಣ ಯಾವುದೂ ಇಲ್ಲ.

1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರುಗಳವರೆಗೆ ತೀರವನ್ನು ತೆರವಾಗಿಡಬೇಕೆಂದರು. ಆ ಆಶಯ ಕಾನೂನಾಗಲು ಸುಮಾರು ಹತ್ತು ವರ್ಷ ಹಿಡಿಯಿತು. 1991ರ ಫೆಬ್ರವರಿಯಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ನನಗೆ ಮೆಚ್ಚಿಗೆಯಾದ ಒಂದು ನಿಯಮವುಂಟು (ಅಧಿಸೂಚನೆಗಳಲ್ಲಿ ಮೆಚ್ಚುವಂಥದು ಸಿಗುವುದು ಅಪರೂಪ): ಎರಡು ಹೋಟೆಲುಗಳ ನಡುವೆ, ಜನರು ಕಡಲಿಗೆ ಹೋಗಿಬರಲು, ಕನಿಷ್ಠ 20 ಮೀಟರು ಅಗಲದ ಜಾಗ ಬಿಟ್ಟಿರತಕ್ಕದ್ದು. 2011ರಲ್ಲೂ 2019ರಲ್ಲೂ ಅಧಿಸೂಚನೆ ಹೊಸದಾಯಿತು. ಈ ನಿಯಮ ಉಳಿದುಕೊಂಡಿತು.

ಈಚೆಗೆ ಕರಾವಳಿಯ ಒಂದು ಊರಿನಲ್ಲಿ, ವಿಹಾರಗೃಹದ ಕಾವಲುಗಾರನೊಬ್ಬ “ಯಾರನ್ನು ಕಾಣಬೇಕು?” ಎಂದು ನನ್ನನ್ನು ತಡೆದ. ಸಮುದ್ರವನ್ನು ಎಂದೆ. ಅವನು, ಪಾಪ, ನಯವಾಗಿಯೇ ಪಕ್ಕದ ಓಣಿಯನ್ನು ತೋರಿಸಿದ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೈ ಓರೆ ಮಾಡಿಕೊಂಡು ಅದರಲ್ಲಿ ಬರುತ್ತಿದ್ದಳು. ಅವಳು ದಾಟುವವರೆಗೆ ನಾನು ಹೊರಗೇ ನಿಂತಿರಬೇಕಾಯಿತು.