ಹದ ತಿಳಿದ ಕೈಗಳು

ಕನ್ನಡದಲ್ಲಿ ‘ಹದ’ ಎಂಬ ಮಾತಿದೆ. ಬೆಲ್ಲದ ಪಾಕಕ್ಕೆ ಹದ ಬೇಕು, ಮಳೆ ಬಿದ್ದ ಹೊಲಕ್ಕೆ ಹದ ಬರಬೇಕು, ಕುಡುಗೋಲಿಗೆ ಕಮ್ಮಾರ ಹದ ಕೊಡಬೇಕು. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಮೆಗ್ನೀಷಿಯಂ ಮಿಶ್ರಲೋಹಗಳನ್ನು. ಏನು ವಿಷಯ ಎಂದು ಯಾರಾದರೂ ಕೇಳಿದರೆ ಈ ಒಂದು ಪದವೇ ಸಾಕು. ಅದೇ ಲೋಹ, ಅದೇ ಬೆರಕೆ. ಹದ ಬದಲಾದರೆ ಬಲವೂ ಬದಲಾಗುತ್ತದೆ, ಬಾಗುವ ಗುಣವೂ ಬದಲಾಗುತ್ತದೆ.

ನಾನಿರುವ ವಿಜಯನಗರದ ಒಂದು ಪಕ್ಕ ಮಾಗಡಿ ರಸ್ತೆ, ಇನ್ನೊಂದು ಪಕ್ಕ ಮೈಸೂರು ರಸ್ತೆ. ಚರಿತ್ರೆಯಲ್ಲಿ ಎರಡೂ ಲೋಹದ ದಾರಿಗಳೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವೈದ್ಯ ಫ್ರಾನ್ಸಿಸ್ ಬುಕನನ್ ಕಂಪನಿಯ ಆಜ್ಞೆಯಂತೆ ಈ ಸೀಮೆಯನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಾಗಡಿ ಸೀಮೆಯ ಕಬ್ಬಿಣದ ಕೆಲಸವೂ ಇದೆ, ಕೆಂಗೇರಿ ದಾಟಿ ಹೋದರೆ ಸಿಗುವ ಚನ್ನಪಟ್ಟಣದ ಉಕ್ಕಿನ ತಂತಿಯೂ ಇದೆ. ಆ ತಂತಿ ವಾದ್ಯಗಳಿಗೆ ಬಿಗಿಯುವಂಥದ್ದು. ಅದಕ್ಕೆ ದೂರದೂರದಲ್ಲೂ ಹೆಸರಿತ್ತು.

ತಂತಿ ಎಳೆಯುವುದು ಬಲಕ್ಕೂ ಬಾಗುವಿಕೆಗೂ ನಡುವಿನ ಜಗಳ. ಕಿರಿದಾದ ತೂತಿನಿಂದ ಎಳೆದಷ್ಟೂ ಉಕ್ಕು ಗಡಸಾಗುತ್ತದೆ, ಇನ್ನೂ ಎಳೆದರೆ ತುಂಡಾಗುತ್ತದೆ. ನಡುವೆ ಕಾಯಿಸಿ ಮೆದುಮಾಡಿದರೆ ಮತ್ತೆ ಎಳೆಯಬಹುದು. ಆದರೆ ಕೊನೆಯಲ್ಲಿ ಮೆದುವಾಗಿಯೇ ಬಿಟ್ಟರೆ ಶ್ರುತಿಯ ಬಿಗಿತವನ್ನು ಅದು ತಾಳದು. ಎಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ.

ಈ ವಿದ್ಯೆಯನ್ನು ಬಿಟ್ಟು ಲೋಹವನ್ನಷ್ಟೇ ಒಯ್ದರೆ ಏನಾಗುತ್ತದೆ ಎಂಬುದನ್ನು ಯುರೋಪು ಕಂಡಿತು. 1790ರ ದಶಕದಲ್ಲಿ ಭಾರತದ ಉಕ್ಕಿನ ಗಟ್ಟಿಗಳು ಲಂಡನ್ನಿಗೆ ಹೋದವು. ಅಲ್ಲಿ ಅದಕ್ಕೆ ‘ವೂಟ್ಜ್’ ಎಂದು ಹೆಸರಾಯಿತು. ನಮ್ಮ ‘ಉಕ್ಕು’ ಎಂಬುದೇ ಹಾಗೆ ತಿರುಚಿಕೊಂಡಿದೆ ಎಂದು ಹಲವರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದರಲ್ಲಿ ಏನೇನು ಬೆರೆತಿದೆ ಎಂದು ಹುಡುಕಿದ. ಸ್ವತಃ ಕಮ್ಮಾರನ ಮಗ. ಆದರೆ ಅಲ್ಲಿನ ಕಮ್ಮಾರರು ತಮ್ಮ ರೂಢಿಯಂತೆ ಬಿಳಿಗಾವು ಬರುವವರೆಗೆ ಕಾಯಿಸಿ ಬಡಿದಾಗ ಗಟ್ಟಿ ಪುಡಿಯಾಗುತ್ತಿತ್ತು. ಸುಮಾರು ಶೇ. 1.5ರಷ್ಟು ಇಂಗಾಲವಿರುವ ಈ ಉಕ್ಕಿನ ಕಣಗಳ ಅಂಚು ಅಷ್ಟು ಕಾವಿನಲ್ಲಿ ಕರಗತೊಡಗುತ್ತದೆ. ಕೆಂಪು ಕಾವಿನಲ್ಲೇ ತಾಳ್ಮೆಯಿಂದ ಬಡಿದರೆ ಮಣಿಯುತ್ತದೆ. ಕಾದಾಗಲೇ ಕಬ್ಬಿಣ ಬಡಿ ಎನ್ನುವ ಗಾದೆ ಅರ್ಧ ಸತ್ಯ. ಎಷ್ಟು ಕಾದಾಗ ಎಂಬುದು ಉಳಿದರ್ಧ.

ಮೆಗ್ನೀಷಿಯಂ ಕೇಳುವುದೂ ಇದನ್ನೇ. 1808ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಈ ಲೋಹ ಅಲ್ಯೂಮಿನಿಯಂನ ಮೂರನೇ ಎರಡು ಭಾಗದಷ್ಟೇ ತೂಕದ್ದು. ಅದರ ಪರಮಾಣುಗಳು ಷಟ್ಕೋನದ ಪದರಗಳಾಗಿ ಕುಳಿತಿರುತ್ತವೆ. ತಣ್ಣಗಿದ್ದಾಗ ಪದರಗಳು ಮುಖ್ಯವಾಗಿ ಒಂದೇ ಸಮತಲದಲ್ಲಿ ಜಾರುತ್ತವೆ; ಬಾಗಿಸಹೋದರೆ ತಗಡು ಬೇಗ ಬಿರಿಯುತ್ತದೆ. ಸುಮಾರು 225 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರೆ ಸಮತಲಗಳೂ ದಾರಿ ಬಿಡುತ್ತವೆ. ಕಾವು ಹೆಚ್ಚಾಗಿ, ಹೊತ್ತೂ ಹೆಚ್ಚಾದರೆ ಕಣಗಳು ಬೆಳೆದು ಬಲ ಕುಗ್ಗುತ್ತದೆ. ಉರುಳೆಗಳ ನಡುವೆ ಒತ್ತಿದಾಗ ಷಟ್ಕೋನಗಳೆಲ್ಲ ತಗಡಿನ ಮೇಲ್ಮೈಗೆ ಸಮನಾಗಿ ಮಲಗುತ್ತವೆ; ಆಮೇಲೆ ಅದು ಸುಲಭಕ್ಕೆ ಬಾಗದು. ಒಂದು ವ್ಯತ್ಯಾಸವುಂಟು. ಉಕ್ಕು ತನ್ನ ಕಾವನ್ನು ಬಣ್ಣದಲ್ಲಿ ಹೇಳುತ್ತದೆ, 300 ಡಿಗ್ರಿಯ ಮೆಗ್ನೀಷಿಯಂ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ನಮಗೆ ಉಷ್ಣಮಾಪಕ ಬೇಕೇ ಬೇಕು.

ಲೋಹದ ಚರಿತ್ರೆಯನ್ನು ನಾವು ಅದಿರಿನಿಂದ, ಕತ್ತಿ ಹಿಡಿದ ದೊರೆಗಳಿಂದ ಬರೆದಿದ್ದೇವೆ. ಕತ್ತಿಯನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ಹದವನ್ನು ಇಡಲಾಗದು. ಅದು ಕೈಯಿಂದ ಕೈಗೆ ದಾಟಬೇಕು, ಇಲ್ಲವೇ ಬರಹಕ್ಕೆ ಇಳಿಯಬೇಕು. ಚನ್ನಪಟ್ಟಣದ ತಂತಿಗಾರರ ಬಗ್ಗೆ ನಾನು ಓದಬಲ್ಲದ್ದು ದಾರಿಹೋಕ ವೈದ್ಯನೊಬ್ಬ ಬರೆದಷ್ಟೇ. ಇಂದಿಗೂ ಕಾಮಾಕ್ಷಿಪಾಳ್ಯ, ರಾಜಾಜಿನಗರದ ಸಣ್ಣ ವರ್ಕ್‌ಶಾಪುಗಳಲ್ಲಿ ಕುಲುಮೆಯ ಬಣ್ಣ ನೋಡಿ ಕಾವು ಹೇಳುವವರಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಲು ಪ್ರವಾಸಿಯೇ ಬರಬೇಕಿಲ್ಲ. ಕನ್ನಡ ಬಲ್ಲವರು ಎರಡು ಬಸ್ ಸ್ಟಾಪ್ ಆಚೆಗೆ ಹೋದರೆ ಸಾಕು.